ರಿಬ್ಬನ್ ಕಟ್ಟಿದ ಶೌಚಾಲಯ ಮತ್ತು ಒಂದು ಕರುಳಿನ ವಿಚಾರಣೆ

ಕರುಳು ಆರೋಗ್ಯ ಮಂಡಳಿಯ ಕಚೇರಿಯಲ್ಲಿ ಶೌಚಾಲಯ ಇದೆ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸುತ್ತೇನೆ. ಇಲ್ಲವೆಂದು ಹೊರಗೆ ಆಡಿಕೊಳ್ಳುವವರಿದ್ದಾರೆ. ಮೆಟ್ಟಿಲಿನ ಪಕ್ಕದಲ್ಲಿ, ಬಿಳಿ ಟೈಲ್ಸ್ ಹಾಕಿದ, ನೀರು ಬರುವ, ಕನ್ನಡಿ ಕೂಡ ಇರುವ ಶೌಚಾಲಯ. ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಲಾಗಿತ್ತು. ಮಂತ್ರಿಗಳು ಬಂದು ಅದನ್ನು ಕತ್ತರಿಸುವವರೆಗೆ ಬಾಗಿಲಿಗೆ ಬೀಗ. ಬೀಗದ ಕೈ ನಿರ್ದೇಶಕರ ಜೇಬಿನಲ್ಲಿ. ಮಂತ್ರಿಗಳಿಗೆ ಪುರುಸೊತ್ತಾಗಿರಲಿಲ್ಲ. ಹಳೆಯ ಶೌಚಾಲಯವನ್ನು ಕೆಡವಿಯೇ ಹೊಸದನ್ನು ಕಟ್ಟಿದ್ದರಿಂದ ನಾವೆಲ್ಲ ರಸ್ತೆ ದಾಟಿ ಬಸ್ ನಿಲ್ದಾಣಕ್ಕೆ ಹೋಗಿಬರುತ್ತಿದ್ದೆವು. ಇದರಿಂದ ಸಿಬ್ಬಂದಿಗೆ ಒಳ್ಳೆಯ ವ್ಯಾಯಾಮವಾಗುತ್ತಿದೆ ಎಂದು ವಾರ್ಷಿಕ ವರದಿಯಲ್ಲಿ ಬರೆದವನು ನಾನೇ. ನಾನು ಇಲ್ಲಿಯ ಹಿರಿಯ ಗುಮಾಸ್ತ.

ತಕರಾರು ಎಬ್ಬಿಸಿದವಳು ಟೈಪಿಸ್ಟ್ ಅಕ್ಕ. ನನಗಿಂತ ಚಿಕ್ಕವಳೇ, ಆದರೂ ಎಲ್ಲರೂ ಹಾಗೇ ಕರೆಯುತ್ತೇವೆ. ‘ನಿಮ್ಮ ಕರುಳು, ನಮ್ಮ ಕಾಳಜಿ’ ಎಂಬ ಕರಪತ್ರಗಳನ್ನೆಲ್ಲ ಟೈಪ್ ಮಾಡಿದವಳಿಗೇ ಕರುಳಿನ ಉರಿಯೂತ ಬಂತು. ದೀಪದ ಬುಡದಲ್ಲೇ ಕತ್ತಲೆ ಎನ್ನಬಹುದಿತ್ತು. ದೀಪ ನಿರ್ದೇಶಕರದಾದ್ದರಿಂದ ಯಾರೂ ಅನ್ನಲಿಲ್ಲ. ಹೊಟ್ಟೆ ನುಲಿಯತೊಡಗಿದರೆ ಅವಳಿಗೆ ರಸ್ತೆ ದಾಟುವಷ್ಟು ಸಮಯವೂ ಸಿಗುತ್ತಿರಲಿಲ್ಲ. ಒಂದು ದಿನ ಸಿಗ್ನಲ್ಲಿನಲ್ಲಿ ಕಾಯುತ್ತ ನಿಂತಲ್ಲೇ ಆಗಬಾರದ್ದು ಆಗಿಹೋಯಿತು. ಮಾರನೆಯ ದಿನ ಅವಳು ನಿರ್ದೇಶಕರ ಮೇಜಿನ ಮುಂದೆ ನಿಂತಳು.

“ಸಾರ್, ಬೀಗದ ಕೈ ಕೊಡಿ. ಕೈ ಮುಗೀತೀನಿ. ಬೇರೇನೂ ಬೇಡ ನಂಗೆ.”

ನಿರ್ದೇಶಕರ ಕರುಳು ಚುರುಕ್ಕೆಂದಿತು. ಅವರು ಕೂಡಲೇ ತಮ್ಮ ಅಧ್ಯಕ್ಷತೆಯಲ್ಲೇ ವಿಚಾರಣಾ ಸಮಿತಿ ನೇಮಿಸಿದರು, ನನ್ನನ್ನೂ ಸೇರಿಸಿ.

ಸಮಿತಿಯ ಮುಂದೆ ಮಂಡಳಿಯ ಡಾಕ್ಟರನ್ನು ಕರೆಸಲಾಯಿತು. ಡಾಕ್ಟರು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಮನುಷ್ಯ. ಹಾಗಾಗಿ ಅವರಿಗೆ ಬಡ್ತಿ ಸಿಕ್ಕಿಲ್ಲ.

“ಕರುಳಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಇರ್ತವೆ ಸಾರ್. ಬಹಳಷ್ಟು ಒಳ್ಳೇವೇ. ಊಟ ಅರಗಿಸೋಕೆ ಬೇಕು, ಕರುಳಿನ ಗೋಡೆ ಗಟ್ಟಿಯಾಗಿರೋಕೆ ಬೇಕು. ಈ ಕಾಯಿಲೇಲಿ ಒಳ್ಳೇವು ಕಮ್ಮಿಯಾಗಿ ತಂಟೆಕೋರವು ಜಾಸ್ತಿಯಾಗಿರ್ತವೆ. ದೇಹದ ಕಾವಲು ಪಡೆ ತಲೆಕೆಟ್ಟು ಕರುಳಿನ ಮೇಲೇ ಬೀಳುತ್ತೆ. ಅದಕ್ಕೇ ಹುಣ್ಣು, ರಕ್ತ.”

“ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ,” ಎಂದೆ ನಾನು.

“ನೀವು ಸುಮ್ನಿರ್ರಿ. ಡಾಕ್ಟ್ರೇ, ಜಗಳ ಮೊದಲು ತೆಗೆದಿದ್ದು ಯಾರು? ಬ್ಯಾಕ್ಟೀರಿಯಾನೋ, ಕಾವಲು ಪಡೆನೋ?” ಎಂದರು ನಿರ್ದೇಶಕರು.

“ಅದಿನ್ನೂ ಪೂರ್ತಿ ಗೊತ್ತಾಗಿಲ್ಲ ಸಾರ್. ಒಂದನ್ನೊಂದು ಕೆಡಿಸ್ತವೆ. ಸದ್ಯಕ್ಕೆ ಇವರಿಗೆ ರಜೆ ಕೊಡಿ, ದೊಡ್ಡಾಸ್ಪತ್ರೇಲಿ ಔಷಧಿ ಶುರುಮಾಡಬೇಕು. ಅಲ್ಲೀವರೆಗೆ ಆ ಬೀಗದ ಕೈ…”

“ಯಾರು ಅಂತ ಗೊತ್ತಾಗಿಲ್ಲ ಅಂದ್ಮೇಲೆ ಎಲ್ಲರೂ ಆರೋಪಿಗಳೇ,” ಎಂದರು ನಿರ್ದೇಶಕರು. ಒಳ್ಳೆಯವರನ್ನೂ ಕೆಟ್ಟವರನ್ನೂ ಬೇರ್ಪಡಿಸಲು ಪ್ರತಿಯೊಂದು ಬ್ಯಾಕ್ಟೀರಿಯಾಕ್ಕೂ ಗುರುತಿನ ಚೀಟಿ ಕೊಡಬೇಕೆಂದು ಅಪ್ಪಣೆಯಾಯಿತು.

“ಸಾರ್, ಅವು ನೋಡ್ತಾ ನೋಡ್ತಾ ಎರಡಾಗ್ತವೆ. ಚೀಟಿ ಅಚ್ಚಾಗಿ ಬರೋಷ್ಟರಲ್ಲಿ ಮರಿಮೊಮ್ಮಕ್ಕಳ ಕಾಲ.”

“ವಾರಸುದಾರರಿಗೆ ಕೊಟ್ರಾಯ್ತು.”

ಸಂಜೆಯೇ ಸೂಚನಾ ಫಲಕದ ಮೇಲೆ ಪ್ರಕಟಣೆ ಬಿತ್ತು. ಟೈಪ್ ಮಾಡಿದವಳು ಅವಳೇ, ನಮ್ಮಲ್ಲಿ ಬೇರೆ ಟೈಪಿಸ್ಟ್ ಇಲ್ಲ.

“ಸದರಿ ಟೈಪಿಸ್ಟರ ಕರುಳಿನಲ್ಲಿ ಅನುಮತಿ ಪಡೆಯದೆ ವಾಸವಾಗಿರುವ ಸಮಸ್ತ ಬ್ಯಾಕ್ಟೀರಿಯಾಗಳಿಗೆ ತಿಳಿಯಪಡಿಸುವುದೇನೆಂದರೆ, ವಿಚಾರಣೆ ಮುಗಿಯುವತನಕ ತಾವು ಯಾರೂ ಸದರಿ ಕರುಳನ್ನು ಬಿಟ್ಟು ತೆರಳತಕ್ಕದ್ದಲ್ಲ. ತೆರಳಲು ನೆರವಾದವರ ಮೇಲೂ ಕ್ರಮ ಜರುಗಿಸಲಾಗುವುದು.”

“ಅಂದ್ರೆ ನಾನು ಬಸ್ ನಿಲ್ದಾಣಕ್ಕೂ ಹೋಗೋ ಹಾಗಿಲ್ವಾ ಸಾರ್?”

“ಸಾಕ್ಷ್ಯ ನಾಶ ಆಗುತ್ತಲ್ಲಮ್ಮಾ,” ಎಂದರು ನಿರ್ದೇಶಕರು, ತಂದೆಯಷ್ಟು ಮೃದುವಾಗಿ.

ಅವಳು ಓಡಿಬಂದಾಗಲೆಲ್ಲ, ತಡೆಯಬೇಕಾಗಿದ್ದ ಗೇಟಿನ ಕಾವಲುಗಾರ ಬೆನ್ನು ತಿರುಗಿಸಿ ನಿಂತು ಆಕಾಶ ನೋಡುತ್ತಿದ್ದ. ಒಳಗಿನ ಕಾವಲು ಪಡೆಗೂ ಅಷ್ಟು ಬುದ್ಧಿಯಿದ್ದಿದ್ದರೆ ಕಾಯಿಲೆಯೇ ಬರುತ್ತಿರಲಿಲ್ಲವೇನೋ. ಕರ್ತವ್ಯಲೋಪಕ್ಕಾಗಿ ಅವನಿಗೆ ನೋಟಿಸ್ ಕೊಟ್ಟೆವು. ಅವಳು ಮಧ್ಯಾಹ್ನದ ಊಟ ಬಿಟ್ಟಳು. ಆಮೇಲೆ ಬೆಳಗಿನದನ್ನೂ ಬಿಟ್ಟಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಆರೋಪಿಗಳಿಗೆ ಆಹಾರ ಪೂರೈಕೆ ನಿಂತಿರುವುದು ವಿಚಾರಣೆಗೆ ಅನುಕೂಲ ಎಂದು ಸಮಿತಿ ದಾಖಲಿಸಿತು. ನೋಡಿ ನನಗೆ ಸಂಕಟವಾಯಿತು, ಆದರೂ ರುಜು ಹಾಕಿದೆ.

ಕೊನೆಗೂ ಮಂತ್ರಿಗಳು ಬಂದರು. ಕತ್ತರಿಯನ್ನೂ ಬೀಗದ ಕೈಯನ್ನೂ ತಟ್ಟೆಯಲ್ಲಿಟ್ಟು ಹಿಡಿದು ನಿಲ್ಲುವ ಗೌರವವನ್ನು ಟೈಪಿಸ್ಟ್ ಅಕ್ಕನಿಗೇ ಕೊಡಲಾಗಿತ್ತು. ಮಂತ್ರಿಗಳು ಮಾತಿಗೆ ನಿಂತರು. ಕರುಳು ನಮಗೆ ತಾಳ್ಮೆಯ ಪಾಠ ಹೇಳುತ್ತದೆ ಎಂದರು. ತಾಳಿದವನು ಬಾಳಿಯಾನು ಎಂದರು. ಇದನ್ನೇ ಬೇರೆ ಮಾತುಗಳಲ್ಲಿ ಹೇಳಲು ನೀರು ಕುಡಿದರು. ತಟ್ಟೆ ಹಿಡಿದು ನಿಂತಿದ್ದ ಅವಳ ಮುಖ ಸುಣ್ಣದಂತೆ ಬೆಳ್ಳಗಾಗಿ ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು.

“ಸಾರ್, ಆಗ್ತಿಲ್ಲ ಸಾರ್,” ಎಂದಳು ಮೆಲ್ಲಗೆ.

“ಇನ್ನೊಂದೇ ಪುಟ,” ಎಂದು ಪಿಸುಗುಟ್ಟಿದರು ನಿರ್ದೇಶಕರು.

ಅವಳು ಕತ್ತರಿ ಎತ್ತಿಕೊಂಡು ರಿಬ್ಬನ್ ಕತ್ತರಿಸಿ, ಬೀಗ ತೆಗೆದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ತಟ್ಟೆ ನೆಲದ ಮೇಲೆ ಬಹಳ ಹೊತ್ತು ಗಿರಗಿರ ತಿರುಗಿತು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ನೀರು ಬಿಟ್ಟ ಸದ್ದು ಕೇಳಿತು.

ಮಂತ್ರಿಗಳು ಪಳಗಿದವರು. “ರೋಗಿಯ ಕೈಯಿಂದಲೇ ಉದ್ಘಾಟನೆ! ಇದೇ ನಮ್ಮ ನೀತಿ!” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ಬಂದವಳ ಕೊರಳಿಗೆ ಹಾರ ಬಿತ್ತು.

ನೀತಿ ಅಂದಮೇಲೆ ಅದಕ್ಕೆ ನಿಯಮವೂ ಬೇಕು. ಈಗ ಈ ಶೌಚಾಲಯವನ್ನು ಬಳಸುವ ಅಧಿಕಾರ ಅವಳೊಬ್ಬಳಿಗೇ, ಅದೂ ಉದ್ಘಾಟನೆಯ ಮೂಲಕ ಮಾತ್ರ. ಪ್ರತಿಸಲವೂ ಹೊಸ ರಿಬ್ಬನ್ ಕಟ್ಟಲಾಗುತ್ತದೆ. ಕತ್ತರಿಯನ್ನು ಅವಳೇ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಉದ್ಘಾಟಕರಿಲ್ಲದೆ ಕಚೇರಿ ನಡೆಯುವುದಿಲ್ಲವಾದ್ದರಿಂದ ಆಸ್ಪತ್ರೆಗೆ ಹೋಗಲು ಕೇಳಿದ್ದ ರಜೆ ಮಂಜೂರಾಗಿಲ್ಲ. ಬ್ಯಾಕ್ಟೀರಿಯಾಗಳ ವಿಚಾರಣೆ ನಡೆಯುತ್ತಲೇ ಇದೆ. ನಾವು ಉಳಿದವರು ಎಂದಿನಂತೆ ರಸ್ತೆ ದಾಟುತ್ತೇವೆ.

ಅವಳು ಹೊಟ್ಟೆ ಹಿಡಿದುಕೊಂಡು ಎದ್ದಳೆಂದರೆ ಇಡೀ ಕಚೇರಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಚಪ್ಪಾಳೆ ನಿಂತ ಮೇಲೆಯೇ ಬಾಗಿಲು ತೆರೆಯತಕ್ಕದ್ದೆಂದು ನಿಯಮ. ಟೈಪಿಸ್ಟ್ ಅಕ್ಕ ಎಂದರೆ ನಮಗೆಲ್ಲ ಬಹಳ ಪ್ರೀತಿ, ಆದ್ದರಿಂದ ಸ್ವಲ್ಪ ಹೆಚ್ಚು ಹೊತ್ತೇ ತಟ್ಟುತ್ತೇವೆ.