ಗುಮಾಸ್ತನ ಪರೀಕ್ಷಾರ್ಥ ಸಾವು

ಬೀಗದ ಕಾರ್ಖಾನೆಯ ನೋಟೀಸ್ ಬೋರ್ಡಿನಿಂದ ಗುಮಾಸ್ತ ಹಳೆಯ ಕಾಗದಗಳನ್ನು ಬ್ಲೇಡಿನಲ್ಲಿ ಕೆರೆದು ತೆಗೆಯುತ್ತಿದ್ದ. ಹನ್ನೊಂದು ವರ್ಷದಿಂದ ಅವನಿಗೆ ಅದೇ ಕೆಲಸ, ಅದೂ ಹಂಗಾಮಿ. ಅವನನ್ನು ಕಾಯಂ ಮಾಡುವ ಪತ್ರ ಎಂದೋ ಟೈಪಾಗಿ, ಮ್ಯಾನೇಜರರ ಡ್ರಾಯರಿನಲ್ಲಿ ಸಹಿಗಾಗಿ ಕಾಯುತ್ತ ಹಳದಿ ತಿರುಗಿತ್ತು.

"ಅದನ್ನ ಬಿಡಯ್ಯ," ಎನ್ನುತ್ತ ಮ್ಯಾನೇಜರರು ಬಂದರು. "ಇನ್ಮೇಲೆ ಬೋರ್ಡೇ ಇರೋಲ್ಲ. ಮೊಬೈಲಿನ ಚಾಟ್ ಗ್ರೂಪೋ, ಕಂಪನಿಯದೇ ಇಂಟ್ರಾನೆಟ್ಟೋ, ಇವತ್ತು ತೀರ್ಮಾನ ಆಗ್ಬೇಕು. ಎರಡರಲ್ಲೂ ಒಂದೇ ನೋಟೀಸ್ ಹಾಕು. ಯಾವುದು ಚೆನ್ನಾಗಿ ನಡೆಯುತ್ತೋ ನೋಡೋಣ. ಈ ಕೆಲಸ ಮುಗಿಸಿದ್ರೆ ಸಂಜೆ ನಿನ್ನ ಪತ್ರಕ್ಕೆ ಸಹಿ."

ಗುಮಾಸ್ತ ಹಾರಿಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂತ. ಇಂಟ್ರಾನೆಟ್ಟಿನಲ್ಲಿ ಮೂರೇ ಬಗೆಯ ನೋಟೀಸು ತಯಾರಾಗಿದ್ದವು: ನಿವೃತ್ತಿ, ಮದುವೆ, ನಿಧನ. ಹೆಸರೂ ಕಾರ್ಖಾನೆಯವರದೇ ಆಗಬೇಕು, ಕಲ್ಪಿಸಿದ ಹೆಸರನ್ನು ಅದು ಒಪ್ಪುತ್ತಿರಲಿಲ್ಲ. ಬೇರೆಯವರ ಹೆಸರು ಹಾಕಿ ಬೈಸಿಕೊಳ್ಳುವುದೇಕೆ ಎಂದು ತನ್ನದನ್ನೇ ಹಾಕಿದ. ನಿವೃತ್ತಿ ಎಂದರೆ ಇರುವ ಕೆಲಸವೂ ಹೋದೀತು. ಮದುವೆ ಎಂದರೆ ಮನೆಯಲ್ಲಿ ಹೆಂಡತಿ ಸುಮ್ಮನೆ ಬಿಟ್ಟಾಳೆಯೆ? ನಿಧನವೇ ವಾಸಿ. ಕಣ್ಣೆದುರು ಕೂತಿರುವ ಮನುಷ್ಯ ಸತ್ತನೆಂದರೆ ಯಾರು ತಾನೆ ನಂಬುತ್ತಾರೆ?

ಒತ್ತಿಬಿಟ್ಟ. ಅದನ್ನೇ ಚಾಟ್ ಗ್ರೂಪಿಗೂ ಹಾಕಿದ.

ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಗ್ರೂಪಿನಲ್ಲಿ ಚಟಪಟ ಶುರುವಾಯಿತು. ನಿಮಿಷದಲ್ಲಿ ನಲವತ್ತು ಜನ ಕೈಮುಗಿದರು. 'ದೇವರಂಥ ಮನುಷ್ಯ, ಈಗ ಯಾರಿದ್ದಾರೆ ಅಂಥವರು' ಎಂದು ಪ್ಯಾಕಿಂಗಿನ ದಪ್ಪಣ್ಣ ಪಕ್ಕದ ಮೇಜಿನಿಂದಲೇ ಬರೆದ. ಬರೆದು ತಲೆಯೆತ್ತಿದರೆ ದೇವರಂಥ ಮನುಷ್ಯ ಅವನನ್ನೇ ನೋಡುತ್ತಿದ್ದ.

"ಅಯ್ಯೋ, ಇದ್ದೀಯಾ? ನಿನ್ನ ಕುರ್ಚಿ ನನಗಿರಲಿ ಅಂತ ಈಗಷ್ಟೇ ಹೇಳಿಟ್ನಲ್ಲೋ!"

ಉಗ್ರಾಣದಕ್ಕ ಏದುಸಿರು ಬಿಡುತ್ತ ಬಂದಳು. "ಹೂವಿನ ಹಾರಕ್ಕೆ ಹೇಳಿಬಿಟ್ಟಿದ್ದೀನಪ್ಪ, ಅಂಗಡಿಯವನು ವಾಪಸ್ ತಗೊಳ್ಳೋಲ್ಲ. ಒಂದು ಸಲ ಹಾಕ್ಕೊಂಬಿಡು."

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ನೀವು ಹೋಗಿಬಿಟ್ರಂತೆ?"

"ಇಲ್ಲ ಕಣೇ, ಪರೀಕ್ಷೆಗೆ ಅಂತ ಹಾಕಿದ್ದು."

"ಪರೀಕ್ಷೆಯಂತೆ! ಪಕ್ಕದ ಮನೆಯವರೆಲ್ಲ ಬಂದು ಕೂತು ಅಳ್ತಾ ಇದ್ದಾರೆ. ನಿಲ್ಲಿಸಿ ಅಂದ್ರೆ ಅವರಿಗೆ ಬೇಜಾರಾಗೋಲ್ವಾ?"

ಗುಮಾಸ್ತ ಚಾಟಿನಲ್ಲಿದ್ದುದನ್ನು ಅಳಿಸಿ, ಉಸಿರು ಬಿಟ್ಟ. ಇಂಟ್ರಾನೆಟ್ಟಿನ ಚಿಂತೆ ಅವನಿಗಿರಲಿಲ್ಲ. ಅಲ್ಲಿ ಹಾಕಿದ್ದನ್ನು ಒಂದು ನರಪಿಳ್ಳೆಯೂ ನೋಡಿರಲಿಲ್ಲ. ಯಂತ್ರವೊಂದೇ ಓದಿತ್ತು. ಓದಿ, ಪೂರ್ತಿಯಾಗಿ ನಂಬಿತ್ತು.

ಅದು ಗೊತ್ತಾದದ್ದು ಗೇಟಿನ ಆಚೆ ಹೋಗಿ ಚಹಾ ಕುಡಿದು ಬಂದಾಗ. ಕಾರ್ಡು ತೋರಿಸಿದರೆ ಗೇಟು ತೆರೆಯಲಿಲ್ಲ, ಕೆಂಪು ದೀಪ ಹೊತ್ತಿತು. ಕಾವಲಿನವನು ಪರದೆ ನೋಡಿ ಟೋಪಿ ತೆಗೆದ.

"ನೀವು ತೀರಿಕೊಂಡಿದ್ದೀರಿ ಅಂತ ಇದೆಯಲ್ಲಣ್ಣ."

"ಈಗ ತಾನೆ ನನ್ನ ಜೊತೆ ನಿಂತು ಚಹಾ ಕುಡಿದ್ಯಲ್ಲೋ!"

"ಕುಡಿದೆ, ಇಲ್ಲ ಅಂದ್ನಾ? ಆದ್ರೆ ಒಳಗೆ ಬಿಟ್ರೆ ನನ್ನ ಕೆಲಸ ಹೋಗುತ್ತೆ."

ಕಂಪ್ಯೂಟರಿನವನನ್ನು ಕರೆಸಿದರು. ಅವನು ಕಂಬಿಯ ಸಂದಿನಿಂದ ಸಮಾಧಾನ ಹೇಳಿದ. "ತಿದ್ದಬಹುದು, ಏನೂ ಕಷ್ಟ ಇಲ್ಲ. ನೀವೇ ಲಾಗಿನ್ ಆಗಿ ಒಂದು ಅರ್ಜಿ ಹಾಕಿ, ಅಷ್ಟೇ."

"ನನ್ನ ಲಾಗಿನ್ ಮುಚ್ಚಿಹೋಗಿದೆಯಲ್ಲಪ್ಪ."

"ಮುಚ್ಚದೆ ಇರುತ್ತಾ? ತೀರಿಕೊಂಡವರದು."

ಪಾಪ, ಮಧ್ಯಾಹ್ನವೆಲ್ಲ ಅವನು ಗೇಟಿನ ಹೊರಗೆ, ಯಾರೋ ಮರೆತು ಹೋದ ಛತ್ರಿಯ ಹಾಗೆ ಗೋಡೆಗೆ ಒರಗಿ ನಿಂತಿದ್ದ. ಹೋಗುವವರು ಬರುವವರು "ಒಳ್ಳೆಯ ಮನುಷ್ಯ" ಎಂದು ಅವನಿಗೆ ಕೇಳುವಂತೆಯೇ ಹೇಳಿ ಹೋದರು. ಹನ್ನೊಂದು ವರ್ಷದಲ್ಲಿ ಯಾರೂ ಆಡದ ಮಾತು.

ಸಂಜೆ ಮ್ಯಾನೇಜರರು ಕೈಯಲ್ಲೊಂದು ಲಕೋಟೆ ಹಿಡಿದು ಗೇಟಿಗೆ ಬಂದರು.

"ಭೇಷ್ ಕಣಯ್ಯ! ಚಾಟಿನಲ್ಲಿ ಹಾಕಿದ್ದು ಹತ್ತು ನಿಮಿಷ ಉಳೀಲಿಲ್ಲ. ಇಂಟ್ರಾನೆಟ್ ನೋಡು, ನೀನೇ ಎದುರಿಗೆ ನಿಂತು ಗೋಗರೆದ್ರೂ ಒಂದಕ್ಷರ ಅಲುಗಲಿಲ್ಲ. ಅದೇ ಗಟ್ಟಿ. ಅದನ್ನೇ ಇಟ್ಕೊಂಡ್ವಿ."

"ಸರ್... ನನ್ನ ಪತ್ರ?"

"ಸಹಿ ಮಾಡಿದೀನಿ. ನೋಡು."

ಗುಮಾಸ್ತನ ಕಣ್ಣು ತುಂಬಿ ಬಂತು. ಒರೆಸಿಕೊಂಡು ಓದಿದ. 'ದಿವಂಗತರ ಸೇವೆಯನ್ನು, ಅವರು ಕೆಲಸಕ್ಕೆ ಸೇರಿದ ದಿನದಿಂದ ನಿಧನರಾದ ದಿನದವರೆಗೆ, ಕಾಯಂಗೊಳಿಸಲಾಗಿದೆ.' ಹೆಂಡತಿಯ ಹೆಸರಿಗೆ ಬರೆದಿತ್ತು.

"ಬದುಕಿದ್ದವನನ್ನ ಕಾಯಂ ಮಾಡ್ತೀನಿ ಅಂದ್ರೆ ಮೇಲಿನವರು ಒಪ್ತಾನೇ ಇರ್ಲಿಲ್ಲ," ಮ್ಯಾನೇಜರರು ದನಿ ತಗ್ಗಿಸಿದರು. "ಹೋದವನಿಗೆ ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಒಂದೇ ಮಾತಿಗೆ ಒಪ್ಪಿಬಿಟ್ರು."

"ಹಾಗಾದ್ರೆ ನಾಳೆಯಿಂದ ನಾನು?"

"ನಾಳೆ ಬೆಳಿಗ್ಗೆ ಬಾ. ನಿನ್ನ ಜಾಗ ಖಾಲಿಯಾಗಿದೆಯಲ್ಲ, ಹಂಗಾಮಿಯಾಗಿ ತಗೋತೀನಿ." ಲಕೋಟೆ ಮುಚ್ಚಿ ಅವನ ಕೈಗಿತ್ತರು. "ಹೋಗ್ತಾ ಇದನ್ನ ಅಂಚೆಗೆ ಹಾಕು. ತೀರಿಕೊಂಡವನ ಕೈಗೇ ಕೊಟ್ಟೆ ಅಂತ ರಿಜಿಸ್ಟರಿನಲ್ಲಿ ಬರೆಯೋ ಹಾಗಿಲ್ಲ ನೋಡು."

ಬೀದಿಯ ತಿರುವಿನ ಅಂಚೆಡಬ್ಬದ ಮುಂದೆ ಗುಮಾಸ್ತ ಬಹಳ ಹೊತ್ತು ನಿಂತ. ಹಿಂದೆ ಒಬ್ಬ ಹೆಂಗಸು ಕಾಗದ ಹಿಡಿದು ಕಾಯುತ್ತಿದ್ದಳು.

"ಹಾಕ್ತೀರೋ ಇಲ್ವೋ?" ಎಂದಳು.

ಹಾಕಿದ.