ಇಬ್ಬರಿಗೆ ನಾಲ್ಕು ಮೀನಿನ ವಡಿ

ಗಂಡಸು ಒಲೆಯ ಮುಂದೆ ನಿಂತರೆ ಸಾಕು, ಊರಿಗೆ ಊರೇ ಅವನಿಗೆ ಮಾಸ್ತರ್ ಆಗಿಬಿಡುತ್ತದೆ. ಒಂದು ದಿನ ಒಬ್ಬರು, ಮರುದಿನ ಇನ್ನೊಬ್ಬರು. ನಾನು ಸ್ವತಃ ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದವನು. ಚಿಮ್ಮನಚೋಡ, ಚಿತ್ತಾಪುರ, ಕಡೆಗೆ ಸೇಡಂ. ಅಷ್ಟು ವರ್ಷಗಳಲ್ಲಿ "ನೀವು ಮಾಡಿದ್ದು ತಪ್ಪು" ಎಂದು ನನಗೆ ಯಾರೂ ಹೇಳಿರಲಿಲ್ಲ. ಈಗ ನಾಲ್ಕು ಮೀನಿನ ವಡಿ ಮಾಡಿದ್ದಕ್ಕೆ ಹೇಳದವರೇ ಇಲ್ಲ.

ಆದದ್ದಿಷ್ಟು. ಬೇಸಿಗೆಯಲ್ಲಿ ನನ್ನ ಹೆಂಡತಿಯ ಉಳಿದ ಹಲ್ಲುಗಳನ್ನೆಲ್ಲ ಶಹಾಬಾದಿನ ಹಲ್ಲಿನ ಡಾಕ್ಟರು ಕಿತ್ತರು. ವಸಡು ಮಾಯಬೇಕು, ಹೊಸ ಹಲ್ಲು ಕೂಡಿಸಲು ಮೂರು ತಿಂಗಳು ಬೇಕು ಎಂದರು. ಹದಿನೈದು ದಿನ ಆಕೆ ಗಂಜಿ, ಮೆದು ಅನ್ನ, ಹಾಲು-ಬಾಳೆಹಣ್ಣು ಅಂತ ತಿಂದಳು. ಹದಿನಾರನೆಯ ದಿನ ಗಂಗಾಳ ದೂಡಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಬಳೆಗಳು ಮೊಳಕೈತನಕ ಜಾರುತ್ತಿದ್ದವು.

"ಏನ್ ಬೇಕು ಹೇಳು, ತರ್ತೀನಿ" ಎಂದೆ.

"ಮೀನ" ಎಂದಳು ಗೋಡೆಗೆ.

ಮುಳ್ಳಿಲ್ಲದ ಮೀನು

ಬಜಾರಿನಲ್ಲಿ ಮೀನು ಮಾರುವ ಹೆಣ್ಣುಮಗಳ ಮುಂದೆ ಹೋಗಿ ನಿಂತೆ.

"ಅರ್ಧ ಕಿಲೋ ಕೊಡವ್ವಾ."

"ಅರ್ಧ ಕಿಲೋಕ್ಕ ನಾ ಇಡೀ ಮೀನ ಕಡೀಬೇಕೇನ್ರಿ? ಮನ್ಯಾಗ ಎಷ್ಟ ಮಂದಿ ಅದೀರಿ?"

"ಇಬ್ಬರು."

"ಇಬ್ಬರಿಗ್ಯಾಕ್ರಿ ಮೀನ? ಬ್ಯಾಳಿ ಕುದಿಸ್ಕೊಂಡ ಉಣ್ರಿ."

ಮನೆಯಲ್ಲಿ ಇಬ್ಬರೇ ಇದ್ದರೆ ಅವರಿಗೆ ನಾಲಿಗೆ ಇರುವುದಿಲ್ಲವೇ? ಆರು ಮಂದಿ ಇದ್ದರೆ ಮಾತ್ರ ಮೀನು ತಿನ್ನಬೇಕು ಎಂದು ಯಾವ ಸರಕಾರ ಹುಕುಂ ಮಾಡಿದೆ? ಇಷ್ಟೂ ಬಾಯಿತನಕ ಬಂದಿತ್ತು. ಹೆಂಡತಿಯ ಕೈಬಳೆ ನೆನೆದು ನುಂಗಿಕೊಂಡೆ.

"ನಮ್ಮಾಕಿಗಿ ಹಲ್ಲಿಲ್ಲ. ಮುಳ್ಳಿಲ್ಲದ ಮೀನ ನೋಡಿ ಕೊಡು."

ಆಕೆ ಕತ್ತಿ ಕೆಳಗಿಟ್ಟು ನನ್ನನ್ನು ನೆತ್ತಿಯಿಂದ ಪಾದದತನಕ ನೋಡಿದಳು. "ಮುಳ್ಳಿಲ್ಲದ್ದ ಬೇಕಾದ್ರ ಆ ಕಡಿ ಕಾಯಿಪಲ್ಲೆ ಸಾಲಿಗಿ ಹೋಗ್ರಿ. ಬದನೀಕಾಯಿ ಸಿಗ್ತಾವ."

ಸುತ್ತಲಿದ್ದವರು ನಕ್ಕರು. ನಾನು ಚೀಲ ಜಾಡಿಸಿ ತಿರುಗಿ ನಡೆದೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಕೂಗು ಬಂತು:

"ಮಾಸ್ತರ, ನಿಲ್ರಿ! ಬದನೀಕಾಯಿ ತೊಟ್ಟಿಗಿ ಭೀ ಮುಳ್ಳಿರ್ತಾವ. ಸೋರೆಕಾಯಿ ತಗೋರಿ!"

ಗೋಡೆಯಾಚೆಯ ಪರೀಕ್ಷಕರು

ಸೋರೆಕಾಯಿ ತರಲಿಲ್ಲ. ಮರಳಿ ಹೋಗಿ, ಮರ್ಯಾದೆ ಬದಿಗಿಟ್ಟು, ಇಡೀ ಒಂದು ರೋಹು ಹೊತ್ತು ತಂದೆ. ಅಂದಿನತನಕ ಮನೆಯಲ್ಲಿ ನಾನು ಸ್ನಾನದ ನೀರು ಕಾಯಿಸಿದ್ದೇ ಹೆಚ್ಚು. ಮೊದಲ ಸಲ ಮಾಡಿದ ವಡಿ ಎಣ್ಣೆಯಲ್ಲಿ ಒಡೆದು ಮೀನಿನ ಉಪ್ಪಿಟ್ಟಾಯಿತು. ಎರಡನೆಯ ಸಲದ್ದನ್ನು ಬೆಕ್ಕು ಮೂಸಿ ಬಿಟ್ಟಿತು. ಮೂರನೆಯ ಸಲ ಕೈ ಹತ್ತಿತು. ಅರಿಶಿಣ ಹಾಕಿ ಮೀನು ಕುದಿಸುವುದು. ಆರಿದ ಮೇಲೆ ಬೆರಳಿನಿಂದ ಎಳೆ ಎಳೆ ಬಿಡಿಸಿ ಮುಳ್ಳು ತೆಗೆಯುವುದು; ಇದರಲ್ಲಿ ಕಣ್ಣನ್ನು ನಂಬಬಾರದು, ಬೆರಳನ್ನೇ ನಂಬಬೇಕು. ಕುದಿಸಿದ ಒಂದು ಆಲೂಗಡ್ಡೆ, ಹಾಲಿನಲ್ಲಿ ನೆನೆಸಿದ ಒಂದು ತುಂಡು ಬ್ರೆಡ್ಡು, ಅರ್ಧ ತತ್ತಿ, ಶುಂಠಿ, ಕೊತ್ತಂಬರಿ. ಎಲ್ಲ ಕಲಸಿ, ಚಪ್ಪಟೆ ವಡಿ ತಟ್ಟಿ, ಸಣ್ಣ ಉರಿಯ ಮೇಲೆ ತವಾಕ್ಕೆ ಮುಚ್ಚಳ ಮುಚ್ಚಿ ಬೇಯಿಸಿದರೆ ಮೇಲೆ ಗಟ್ಟಿ ಪದರು ಕಟ್ಟುವುದಿಲ್ಲ. ಆಕೆಗೆ ಎರಡು, ನನಗೆ ಎರಡು.

ಆಕೆ ಎದ್ದು ಕೂತು ಎರಡೂ ತಿಂದಳು. ನನ್ನ ಗಂಗಾಳದಿಂದ ಅರ್ಧ ಮುರಿದುಕೊಂಡಳು. ತಿಂದು ಮುಗಿಸಿ ಆಡಿದ್ದು ಒಂದೇ ಮಾತು: "ಉಪ್ಪ ಜರಾ ಮುಂದಾಗ್ಯಾದ."

ನಮ್ಮ ಮಗ್ಗುಲ ಮನೆಯವರು ವೈಷ್ಣವರು, ಗುಡಿಯ ಪೂಜೆ ಮಾಡುವವರು. ನಾನು ತಿಳಿದವನು, ಮೊದಲೇ ಹೋಗಿ ಆ ಮನೆಯ ಹಿರಿಯ ಅಮ್ಮನವರಿಗೆ ಹೇಳಿದೆ. "ರವಿವಾರ, ಬುಧವಾರ ಹನ್ನೊಂದಕ್ಕ ಮೀನ ಮಾಡ್ತೀನ್ರಿ ಅಮ್ಮಾರ. ನಿಮ್ಮ ಕಡಿ ಕಿಟಕಿ ಮುಚ್ಚಿರ್ತೀನಿ."

"ಮಾಡ್ರಿ. ನಿಮ್ಮ ಮನಿ, ನಿಮ್ಮ ಒಲಿ. ಆಕಿ ಹೊಟ್ಟಿ ತುಂಬಲಿ" ಎಂದರು. ದೊಡ್ಡ ಮನಸ್ಸು ಎಂದುಕೊಂಡೆ.

ಮುಂದಿನ ರವಿವಾರ ಕಂಪೌಂಡ್ ಗೋಡೆಯಾಚೆಯಿಂದ ಧ್ವನಿ: "ಮಾಸ್ತರ, ಇವತ್ತ ಶುಂಠಿ ಭಾಳಾತು."

ಬುಧವಾರ: "ಕೊತ್ತಂಬರಿ ಹಾಕೋದ ಮರ್ತೀರಿ ನೋಡ್ರಿ."

ಮತ್ತೆ ರವಿವಾರ, ನಾನು ಅಂಗಳದಲ್ಲಿ ಪೇಪರ್ ಓದುತ್ತಿದ್ದಾಗ: "ತಳ ಹತ್ತಾಕತ್ತದ, ಓಡ್ರಿ!"

ಓಡಿದೆ. ಹತ್ತಿತ್ತು. ತವಾ ಹಿಡಿದುಕೊಂಡೇ ಹೊರಗೆ ಬಂದೆ. ಸಿಟ್ಟು ತಡೆಯಲಾಗಲಿಲ್ಲ. "ಅಮ್ಮಾರ, ಹುಟ್ಟಿದಾಗಿಂದ ನೀವು ಮೀನ ಮುಟ್ಟಿದವರಲ್ಲ. ನಿಮಗ ಹ್ಯಾಂಗ್ರಿ ಗೊತ್ತಾಗ್ತದ?"

ಅವರು ಜಪಮಣಿ ನಿಲ್ಲಿಸದೆ ಹೇಳಿದರು: "ಮೀನ ಗೊತ್ತಿಲ್ರಿ. ಹೊತ್ತಿದ್ದ ಗೊತ್ತದ."

ಬರೇ ರುಚಿ ನೋಡಲಿಕ್ಕೆ

ಹೆಂಡತಿಯ ತಮ್ಮ ಸುಲೇಪೇಟದಲ್ಲಿರುತ್ತಾನೆ. "ಅಕ್ಕನ್ನ ನೋಡ್ಲಿಕ್ಕಿ ಬರಾಕತ್ತೀನಿ" ಎಂದು ಫೋನು ಮಾಡಿದ. ಚಿಂಚೋಳಿ ಕಡೆಯ ಡ್ಯಾಮಿನ ಮೀನಿನ ಬಗ್ಗೆ ಅವನು ಕೊಚ್ಚಿಕೊಂಡಷ್ಟು ಬೇರೆ ಯಾರೂ ಕೊಚ್ಚಿಕೊಂಡಿಲ್ಲ. ಒಂದಾದರೂ ತಂದಾನು ಎಂದು ನಾನು ಬಜಾರಿಗೆ ಹೋಗಲಿಲ್ಲ. ಮನೆಯಲ್ಲಿ ಉಳಿದಿದ್ದ ಮೀನಿನಲ್ಲೇ ನಾಲ್ಕು ವಡಿ ಮಾಡಿಟ್ಟೆ.

ಬಂದ. ಕೈಯಲ್ಲಿ ಮೀನಿಲ್ಲ, ಸಂಗಡ ಇಬ್ಬರು ಗೆಳೆಯರು.

"ನಾವು ಉಂಡೇ ಬಂದೀವಿ ಮಾವಾ. ಬರೇ ರುಚಿ ನೋಡ್ತೀವಿ" ಎಂದು ಒಂದೊಂದು ಎತ್ತಿಕೊಂಡರು. ತಾಟಿನಲ್ಲಿ ಒಂದೇ ಒಂದು ಉಳಿಯಿತು. ನಾನು ಅದನ್ನು ಹೆಂಡತಿಯ ಕಡೆ ಸರಿಸುವಷ್ಟರಲ್ಲಿ ಅವನು, "ಒಂದರಾಗ ಅಕ್ಕನ ಹೊಟ್ಟಿ ಏನ ತುಂಬ್ತದ" ಎಂದು ಮರುಕಪಟ್ಟು ಅದನ್ನೂ ಬಾಯಿಗೆ ಹಾಕಿಕೊಂಡ.

ಅರ್ಧ ತಾಸು ಕೂತು ಮುಳ್ಳು ತೆಗೆದವನು ನಾನು. ಹಸಿದು ಕೂತವಳು ಆಕೆ. ಇಷ್ಟಾದ ಮೇಲೆ ಬೆರಳು ನೆಕ್ಕುತ್ತ ಏನೆಂದ ಗೊತ್ತೇ?

"ರುಚಿ ಚಲೋ ಅದ ಮಾವಾ. ಆದ್ರ ಅಗೀಲಿಕ್ಕಿ ಏನೂ ಇಲ್ಲ. ಹಿಂಗಾದ್ರ ದೇವ್ರು ಮನಷ್ಯಾಗ ಹಲ್ಲ ಯಾಕ ಕೊಟ್ಟಾನ?"

"ಕೆಲವರಿಗಿ ಉದುರಿಸಿಕೊಳ್ಳಲಿಕ್ಕಿ ಕೊಟ್ಟಾನ!" ಎಂದು ನಾನು ತೋಳು ಏರಿಸಿ ಎದ್ದೆ.

ಹೆಂಡತಿ ನನ್ನ ಅಂಗಿ ಹಿಡಿದು ಜಗ್ಗಿ ಕಿವಿಯಲ್ಲಿ ಹೇಳಿದಳು: "ಸುಮ್ಕ ಕುಂದ್ರಿ. ಅವ್ರು ಮೂರ ಮಂದಿ ಅದಾರ."

ಡಾಕ್ಟರ ಚೀಟಿ

ಮೂರು ತಿಂಗಳಾಯಿತು. ಹೊಸ ಹಲ್ಲು ಕೂಡಿಸಿಕೊಳ್ಳಲು ರೈಲಿನಲ್ಲಿ ಶಹಾಬಾದಿಗೆ ಹೋದೆವು. ಡಬ್ಬಿಯಲ್ಲಿ ಎರಡು ವಡಿ ಇಟ್ಟುಕೊಂಡಿದ್ದೆ. ಡಾಕ್ಟರು ಹಲ್ಲು ಕೂಡಿಸಿ, "ಏನಾದ್ರೂ ಮೆತ್ತಗಿಂದು ಅಗಿದು ನೋಡ್ರಿ ಅಮ್ಮಾರ" ಎಂದರು. ಆಕೆ ಡಬ್ಬಿ ತೆಗೆದು ಒಂದು ತಿಂದಳು. ಡಾಕ್ಟರಿಗೂ ಆಸೆಯಾಗಿ ಇನ್ನೊಂದನ್ನು, ಅಂದರೆ ನನ್ನದನ್ನು, ಅವರು ತಿಂದರು.

"ಭಾರಿ ಆಗ್ಯಾದಲ್ಲ! ಹ್ಯಾಂಗ ಮಾಡೋದಿದು? ನನ್ನ ಪೇಶಂಟರಿಗಿ ಭೀ ಹೇಳ್ತೀನಿ."

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಆಕೆ ಹೊಸ ಹಲ್ಲಿನಲ್ಲಿ ಶುರು ಮಾಡಿದಳು. "ಮೊದಲ ಮೀನ ಅರಿಶಿಣ ಹಾಕಿ ಕುದಸ್ರಿ. ಮುಳ್ಳ ತೆಗೆಯೋವಾಗ ಕಣ್ಣ ನಂಬಬ್ಯಾಡ್ರಿ, ಬೆರಳ ನಂಬ್ರಿ..." ನನ್ನ ಮಾತು! ಅಕ್ಷರ ಅಕ್ಷರ ನನ್ನ ಮಾತು! ಡಾಕ್ಟರು ಚೀಟಿಯ ಮೇಲೆ ಬರೆದುಕೊಳ್ಳುತ್ತಿದ್ದರು.

"ಡಾಕ್ಟ್ರ, ಅದು ಖರೇ ಅಂದ್ರ ನಾನು..."

"ಜರಾ ತಡೀರಿ ಮಾಸ್ತರ, ಅಮ್ಮಾರು ಹೇಳಾಕತ್ತಾರ."

ಮರಳುವಾಗ ರೈಲು ವಾಡಿ ಸ್ಟೇಶನ್ ದಾಟಿ ಚಿತ್ತಾಪುರ ಬರುವತನಕ ನಾನು ಕಿಟಕಿಯ ಹೊರಗೇ ನೋಡುತ್ತ ಕೂತೆ. ಕಡೆಗೆ ಆಕೆಯೇ ಹೇಳಿದಳು: "ನಾ ಏನ್ ಸುಳ್ಳ ಹೇಳಿದ್ನಾ? ಹ್ಯಾಂಗ ಮಾಡೋದು ಅಂತ ಕೇಳಿದ್ರು, ಹೇಳ್ದೆ. ಯಾರ ಮಾಡ್ತಾರ ಅಂತ ಕೇಳಲೇ ಇಲ್ಲ."

ತಿಂಗಳು ಬಿಟ್ಟು ಮತ್ತೆ ತೋರಿಸಲು ಹೋದಾಗ, ದವಾಖಾನೆಯ ಬೆಂಚಿನ ಮೇಲೆ ವಾಡಿಯ ಮುದುಕರೊಬ್ಬರು ಕೂತಿದ್ದರು. ಬಾಯಲ್ಲಿ ಒಂದೂ ಹಲ್ಲಿಲ್ಲ, ಕೈಯಲ್ಲಿ ಮಡಚಿದ ಚೀಟಿ.

"ಯಾವೂರಾಯ್ತು?"

"ಸೇಡಂರಿ."

"ಹೌದಾ! ನಿಮ್ಮೂರಾಗ ಒಬ್ರು ಅಮ್ಮಾರು ಈ ಮೀನಿನ ವಡಿ ಕಂಡುಹಿಡ್ದಾರಂತ. ಡಾಕ್ಟ್ರು ಬರೆದುಕೊಟ್ರು. ವಾರಕ್ಕ ಎರಡ ಸಲ ನಮ್ಮ ಮನ್ಯಾಗ ಮಾಡ್ತಾರ. ಅದರ ಮ್ಯಾಲೇ ಬದುಕೀನಿ." ಚೀಟಿಯನ್ನು ಹಣೆಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ಬಾಗಿ ದನಿ ಇಳಿಸಿದರು. "ಆದ್ರ ಪಾಪ, ಆಕಿ ನಸೀಬ ನೋಡ್ರಿ. ಹಲ್ಲ ಕಿತ್ತ ಬಾಯಿಲೇ ಒಲಿ ಮುಂದ ನಿಂತು ತನ್ನ ಪಾಡಿಗಿ ತಾ ಮಾಡ್ಕೊಂಡಾಳ. ಗಂಡ ಅದಾನಂತ, ಯಾವನೋ ಮಾಸ್ತರ. ಅವನಿಗಿ ಚಾ ಕುದಸ್ಲಿಕ್ಕಿ ಭೀ ಬರಂಗಿಲ್ಲಂತ!"

ನಾನು ಹೆಂಡತಿಯ ಕಡೆ ತಿರುಗಿದೆ. "ಹೇಳು ಇವರಿಗಿ! ಈಗರೆ ಬಾಯಿ ಬಿಟ್ಟು ಖರೇ ಹೇಳು!"

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ತಡೆದು ನೋಡಿದಳು. ಆಗಲಿಲ್ಲ. ಹೊಸ ಹಲ್ಲುಗಳೆಲ್ಲ ಕಾಣುವಂತೆ, ದವಾಖಾನೆಯೆಲ್ಲ ತಿರುಗಿ ನೋಡುವಂತೆ ನಕ್ಕಳು. ಹಾಗೆ ನಕ್ಕದ್ದನ್ನು ಕೇಳಿ ಎಷ್ಟು ದಿನವಾಗಿತ್ತೋ. ಕಣ್ಣೊರೆಸಿಕೊಂಡು ಮುದುಕರಿಗೆ ಹೇಳಿದಳು:

"ಖರೇ ಅದರಿ ಕಾಕಾ. ಅಂಥಾ ಗಂಡ ಬ್ಯಾರೆ ಯಾರಿಗೂ ಸಿಗಂಗಿಲ್ಲ."