ಇಡೀ ಸೈನ್ಸ್ ಸೆಕ್ಷನ್ ನಾನೇ!

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ಬಂದಿತ್ತು. ಪಿಯುಸಿಗೆ ಸೈನ್ಸ್ ತೆಗೆದುಕೊಂಡು, ಹಳೇಬೀಡಿನಿಂದ ಜಾವಗಲ್ ಕಾಲೇಜಿಗೆ ಗತ್ತಿನಿಂದ ಬಸ್ಸು ಹತ್ತಿದೆ. ಗೆಳತಿಯರೂ ಹಿಂದೆಯೇ ಬರುತ್ತಾರೆಂದು ನಂಬಿದ್ದೆ. ಬಂದರು, ಕಾಮರ್ಸಿಗೆ!

ಸೈನ್ಸಿಗೆ ಸೇರಿದ್ದು ನಾನೊಬ್ಬಳೇ. ಕೆಮಿಸ್ಟ್ರಿಯ ಶಿವಣ್ಣ ಸರ್ ಮಾತ್ರ ಶಿಸ್ತು ಬಿಡಲಿಲ್ಲ. "ಎಲ್ಲರೂ ಕೂತ್ಕೊಳ್ಳಿ" ಎನ್ನುತ್ತಿದ್ದರು. ಎಲ್ಲರೂ ಕೂರುತ್ತಿದ್ದೆ. "ಗಲಾಟೆ ಮಾಡಬೇಡಿ" ಎನ್ನುತ್ತಿದ್ದರು. ಯಾರ ಜೊತೆ ಮಾಡಲಿ? ಗೋಡೆಯಾಚೆ ಕಾಮರ್ಸಿನವರು ನಗುವುದು ಕೇಳಿಸುತ್ತಿತ್ತು. ವಿಷಯ ಗೊತ್ತಿಲ್ಲದೆಯೂ ಒಮ್ಮೊಮ್ಮೆ ನಾನೂ ನಕ್ಕುಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಸರ್, "ಇದನ್ನ ಯಾರೂ ಮುಟ್ಟಬೇಡಿ" ಎಂದು ಹೇಳಿ ಆಫೀಸಿಗೆ ಹೋದರು. ಕೊಳೆತ ಮೊಟ್ಟೆಯ ವಾಸನೆಯ ಅನಿಲ ತಯಾರಿಸುವ ಗಾಜಿನ ಉಪಕರಣವದು. ಸ್ವಲ್ಪ ಸೋರುತ್ತಿದೆ ಅನ್ನಿಸಿತು. ಜವಾಬ್ದಾರಿಯುತ ವಿದ್ಯಾರ್ಥಿಸಮೂಹವಾದ ನಾನು ಅದರ ನಲ್ಲಿ ಬಿಗಿ ಮಾಡಲು ಹೋಗಿ ಪೂರ್ತಿ ತಿರುಗಿಸಿಬಿಟ್ಟೆ! ವಾಸನೆ ಹೋಗಲೆಂದು ಬಾಗಿಲು ತೆರೆದೆ. ಬೇಗ ಹೋಗಲೆಂದು ಫ್ಯಾನ್ ಹಾಕಿದೆ. ಬೇಗನೇ ಹೋಯಿತು, ಕಾಮರ್ಸ್ ಕ್ಲಾಸಿಗೆ!

ಎಲ್ಲರೂ ಮೂಗು ಮುಚ್ಚಿಕೊಂಡು ಮೈದಾನಕ್ಕೆ ಓಡಿದರು. ನಾನೂ ಓಡಿದೆ. ಅಂತೂ ನಾಲ್ಕು ಜನರ ನಡುವೆ ನಿಂತೆನಲ್ಲ ಎಂದು ಒಳಗೊಳಗೇ ಖುಷಿ. ಅಷ್ಟರಲ್ಲಿ ಗೆಳತಿ ರೂಪಾ, "ನಿನ್ ಬಟ್ಟೆಯಿಂದ್ಲೇ ನಾತ ಬತ್ತಾ ಐತೆ ಕಣೇ, ಆಚೆ ಹೋಗೇ" ಎಂದಳು. ಸುತ್ತಲೂ ಜಾಗ ಖಾಲಿಯಾಯಿತು.

"ಯಾರದಿದು ಕೆಲಸ?" ಪ್ರಿನ್ಸಿಪಾಲರು ಗುಡುಗಿದರು. ಬೇರೆಯವರ ಮೇಲೆ ಹಾಕೋಣವೆಂದರೆ ನನ್ನ ಕ್ಲಾಸಿನಲ್ಲಿ ಬೇರೆಯವರೇ ಇಲ್ಲ!

"ಸೈನ್ಸ್ ಸೆಕ್ಷನ್ ಪೂರ್ತಿ ಸಂಜೆವರೆಗೂ ಹೊರಗೇ ನಿಲ್ಲಲಿ!"

ವಾಸನೆ ಕಡಿಮೆಯಾದ ಮೇಲೆ ಉಳಿದವರೆಲ್ಲ ಒಳಗೆ ಹೋದರು. ನಾನು ಹೊಂಗೆ ಮರದಡಿ ನಿಂತು ಅತ್ತೆ. ನಾಳೆಯೇ ಕಾಮರ್ಸಿಗೆ ಬದಲಾಯಿಸಿಕೊಳ್ಳುವುದೆಂದು ನಿರ್ಧರಿಸಿದೆ. ಆಗ ಶಿವಣ್ಣ ಸರ್ ಬಂದು ಪಕ್ಕದಲ್ಲಿ ನಿಂತರು.

"ನಾನು ಲ್ಯಾಬ್ ಎದುರಿನ ಆಫೀಸಲ್ಲೇ ಇದ್ದೆ. ಅಲ್ಲಿಗೆ ವಾಸ್ನೆ ಬರ್ಲೇ ಇಲ್ವಲ್ಲಮ್ಮ, ಯಾಕೆ?"

"ಗೊತ್ತಿಲ್ಲ ಸಾರ್."

"ನಂಗೂ ಗೊತ್ತಿಲ್ಲ. ನೋಡೋಣ ಬಾ."

ಮೇಷ್ಟರೊಬ್ಬರು ಗೊತ್ತಿಲ್ಲ ಎಂದಿದ್ದನ್ನು ಅಂದೇ ಮೊದಲು ಕೇಳಿದೆ. ಇಬ್ಬರೂ ಧೂಳು ಎರಚುತ್ತಾ, ಗಾಳಿಯ ದಿಕ್ಕು ನೋಡುತ್ತಾ ಕಾಲೇಜು ಸುತ್ತಿದೆವು. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ನಾನು ಗಾಳಿಯ ಬಗ್ಗೆಯೇ ಯೋಚಿಸುತ್ತಿದ್ದೆ. ಕಾಮರ್ಸ್ ಮರೆತೇಹೋಗಿತ್ತು.

ಈಗ ನಾನು ವಿಜ್ಞಾನಿ. ಕೆರೆ, ಚರಂಡಿಗಳಿಂದ ಏಳುವ ಅನಿಲ ಅಳೆಯುವುದು ನನ್ನ ಕೆಲಸ. ಮೊನ್ನೆ ಕೆಲಸಕ್ಕೆ ಹೊರಟಾಗ ಅರಸೀಕೆರೆಯಲ್ಲಿ ರೈಲು ಹತ್ತಿಸಲು ಬಂದ ಅಮ್ಮ ಕೇಳಿದಳು: "ಅಲ್ಲಿ ನಿನ್ ಜೊತೆಗೆ ಯಾರವ್ರೇ?"

"ಯಾರೂ ಇಲ್ಲಮ್ಮ. ಒಂದು ಮಿಷನ್ ಐತೆ. ವಾಸ್ನೆಯೆಲ್ಲ ಅದೇ ನೋಡ್ಕೊಳ್ತದೆ."

"ಹಂಗಾದ್ರೆ ಅಲ್ಲಿ ನೀನ್ಯಾಕೆ?"

ಪುಣ್ಯಕ್ಕೆ ರೈಲು ಬಂತು!